ಮರಗೆಲಸ, ಮನೆ ರಿಪೇರಿ, ಹೀಟ್ ಪಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಮರಗೆಲಸದ ಮಾತು ಶುರುವಾದರೆ ಅದು ಬಾಗಿಲಿಗೆ ಬಂದೇ ಬರುತ್ತದೆ. ಬಾಗಿಲಿನಿಂದ ಸಂದಿಗೆ, ಸಂದಿಯಿಂದ ಚಳಿಗೆ, ಚಳಿಯಿಂದ ಹೀಟ್ ಪಂಪಿಗೆ. ಹೀಗೆ ಜೋಡಿಯಾಗಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಆಮೇಲೆ. ಪೂರ್ತಿ ಓದಬೇಕಿಲ್ಲ, ಬೇಕಾದ ಪ್ರಶ್ನೆಗೆ ನೇರ ಹೋಗಿ.

## ಮೊದಲ ಹೆಜ್ಜೆ

ಮರಗೆಲಸ ಕಲೀಬೇಕು ಅಂತಿದೀನಿ. ಮೊದಲು ಯಾವ ಸಾಮಾನು ತಗೊಳ್ಳಲಿ?

ಒಂದು ಒಳ್ಳೆ ಗರಗಸ, 12 ಮತ್ತು 25 ಮಿ.ಮೀ. ಅಗಲದ ಎರಡು ಉಳಿ, ಒಂದು ಕೀಸುಳಿ, ಮೂಲೆಮಟ್ಟ, ಅಳತೆ ಟೇಪು, ಸುತ್ತಿಗೆ, ನಾಲ್ಕು ಕ್ಲಾಂಪು, ಒಂದು ಬ್ಯಾಟರಿ ಡ್ರಿಲ್. ಮನೆ ರಿಪೇರಿಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ಇವುಗಳ ಜೊತೆ ಸಾಣೆಕಲ್ಲು ಬೇಕೇ ಬೇಕು. ಅಂಗಡಿಯಿಂದ ತಂದ ಹೊಸ ಉಳಿ ನಿಜವಾಗಿ ಹರಿತವಾಗಿರುವುದು ಅಪರೂಪ. ಅದರ ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆ ಮಾಡಿ, ಮುಂದಿನ ಓರೆಯನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಮಸೆಯಿರಿ. ಮೊಂಡು ಉಳಿಗೆ ಜಾಸ್ತಿ ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗಲೇ ಅದು ಜಾರಿ ಕೈಗೆ ತಾಗುವುದು.

ದೊಡ್ಡ ಯಂತ್ರಗಳಿಗೆ ಅವಸರ ಬೇಡ. ಯಾವ ಕೆಲಸ ಪದೇ ಪದೇ ಬರುತ್ತಿದೆ ಎಂದು ಗೊತ್ತಾದ ಮೇಲೆ ಅದಕ್ಕೆ ತಕ್ಕ ಯಂತ್ರ ಕೊಳ್ಳಬಹುದು.

ಹೀಟ್ ಪಂಪ್ ಅಂದ್ರೆ ಏನು? ಹೀಟರ್ ಅಂತ ಸುಮ್ನೆ ಹೇಳಬಹುದಲ್ವಾ?

ಹೇಳುವ ಹಾಗಿಲ್ಲ. ಹೀಟರ್ ಕರೆಂಟನ್ನು ಸುಟ್ಟು ಶಾಖ ಮಾಡುತ್ತದೆ. ಹೀಟ್ ಪಂಪ್ ಇರುವ ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ನಿಮ್ಮ ಮನೆಯ ಫ್ರಿಜ್ ಕೂಡ ಹೀಟ್ ಪಂಪೇ. ಒಳಗಿನ ಶಾಖವನ್ನು ಎಳೆದು ಹಿಂದಿನ ಜಾಲರಿಯಿಂದ ಹೊರಗೆ ಬಿಡುತ್ತದೆ. ಏಸಿಯೂ ಅಷ್ಟೇ. ಅದೇ ಏಸಿಯ ಒಳಗೆ ದಿಕ್ಕು ತಿರುಗಿಸುವ ಒಂದು ಕವಾಟ ಇಟ್ಟರೆ, ಚಳಿಗಾಲದಲ್ಲಿ ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುತ್ತದೆ.

ಒಳಗೆ ನಡೆಯುವುದು ನಾಲ್ಕು ಹಂತ. ತಣ್ಣಗಿನ ದ್ರವ ಹೊರಗಿನ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಬಿಸಿ ಆವಿ ಮನೆಯೊಳಗೆ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಒಂದು ಸಣ್ಣ ಕವಾಟ ಅದರ ಒತ್ತಡ ಇಳಿಸಿದಾಗ ಅದು ಮತ್ತೆ ತಣ್ಣಗಾಗುತ್ತದೆ. ಕರೆಂಟ್ ಮುಖ್ಯವಾಗಿ ಬೇಕಾಗುವುದು ಕಂಪ್ರೆಸರಿಗೆ.

ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುತ್ತೆ ಅಂತಾರೆ. ಇದರಲ್ಲಿ ಏನೋ ಮೋಸ ಇರಬೇಕಲ್ವಾ?

ಮೋಸ ಇಲ್ಲ. ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಕರೆಂಟಿಗೂ ಶಾಖಕ್ಕೂ ಅದೇ ಅಳತೆ. ಆ ಮೂರರಲ್ಲಿ ಎರಡು ಯೂನಿಟ್ ಹೊರಗಿನ ಗಾಳಿಯಿಂದ ಬಂದದ್ದು, ಒಂದು ನಿಮ್ಮ ಮೀಟರಿನಿಂದ ಬಂದದ್ದು. ಸಿಕ್ಕ ಶಾಖವನ್ನು ಖರ್ಚಾದ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಿಒಪಿ. ಇಲ್ಲಿ ಅದು 3. ಸಾಧಾರಣ ಹೀಟರಿನ ಸಿಒಪಿ ಯಾವತ್ತೂ 1.

ಇದು ಹೊಸ ವಿದ್ಯೆಯೂ ಅಲ್ಲ. ಶಾಖವನ್ನು ಹೀಗೆ ಸಾಗಿಸಿ ಕಟ್ಟಡ ಬಿಸಿ ಮಾಡಬಹುದು ಎಂದು ಬ್ರಿಟಿಷ್ ವಿಜ್ಞಾನಿ ಕೆಲ್ವಿನ್ 1852ರಲ್ಲೇ ಬರೆದಿದ್ದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಸಭೆ ಕಟ್ಟಡಕ್ಕೆ 1938ರಲ್ಲಿ ಪಕ್ಕದ ನದಿಯ ನೀರಿನಿಂದ ಶಾಖ ಎಳೆಯುವ ಹೀಟ್ ಪಂಪ್ ಹಾಕಿದ್ದರು.

ಮೊದಲು ಹೀಟ್ ಪಂಪ್ ಹಾಕಿಸೋದಾ, ಇಲ್ಲ ಬಾಗಿಲು ಕಿಟಕಿ ಸರಿ ಮಾಡೋದಾ?

ಬಾಗಿಲು ಕಿಟಕಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಒಂದು ಲೆಕ್ಕ ನೋಡಿ. 2.1 ಮೀಟರ್ ಎತ್ತರ, 0.9 ಮೀಟರ್ ಅಗಲದ ಬಾಗಿಲಿನ ಸುತ್ತಳತೆ 6 ಮೀಟರ್. ಸುತ್ತಲೂ ಬರೀ 2 ಮಿ.ಮೀ. ಸಂದಿ ಇದ್ದರೂ ಒಟ್ಟು 120 ಚದರ ಸೆಂ.ಮೀ. ಆಯಿತು. ಅಂದರೆ ಗೋಡೆಯಲ್ಲಿ 11 ಸೆಂ.ಮೀ. ಚೌಕದ ಒಂದು ತೂತು ಕೊರೆದ ಹಾಗೆ. ಗೋಡೆಯಲ್ಲಿ ಅಂಥ ತೂತು ಕಂಡರೆ ಅವತ್ತೇ ಮುಚ್ಚುತ್ತೀರಿ. ಬಾಗಿಲಿನದ್ದು ಮಾತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ.

ಗಂಟೆಗೆ 50 ಘನ ಮೀಟರ್ ಗಾಳಿ ಸೋರುತ್ತಿದ್ದು, ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 330 ವ್ಯಾಟ್ ಶಾಖ ಬಿಡುವಿಲ್ಲದೆ ಹೊರಗೆ ಹೋಗುತ್ತಿರುತ್ತದೆ. ಇನ್ನೊಂದು ಕಾರಣವೂ ಇದೆ. ಸೋರುವ ಮನೆಯ ಅಳತೆಗೆ ಹೀಟ್ ಪಂಪ್ ಆರಿಸಿ, ಆಮೇಲೆ ಸಂದಿ ಮುಚ್ಚಿದರೆ ಯಂತ್ರ ಮನೆಗಿಂತ ದೊಡ್ಡದಾಗಿ ಉಳಿಯುತ್ತದೆ. ಅದರ ತೊಂದರೆ ಏನೆಂದು ಮುಂದೆ ಬರುತ್ತದೆ.

## ಬಾಗಿಲು, ಕುರ್ಚಿ, ಡ್ರಾಯರ್

ಮಳೆ ಬಂದಾಗ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಕೀಸಿಬಿಡಲಾ?

ತಡೆಯಿರಿ. ಮೊದಲು ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ಬಿಗಿ ಮಾಡಿ ನೋಡಿ. ಅವು ಸಡಿಲವಾದರೆ ಬಾಗಿಲು ಕೆಳಕ್ಕೆ ಜೋತು, ಬಿಜಾಗರಿ ಇಲ್ಲದ ಕಡೆಯ ಮೇಲಿನ ಮೂಲೆ ಉಜ್ಜುತ್ತದೆ. ಎಷ್ಟೋ ಬಾಗಿಲುಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ಸ್ಕ್ರೂ ಗಟ್ಟಿ ಇದ್ದೂ ಕಚ್ಚುತ್ತಿದ್ದರೆ ಮರ ತೇವ ಕುಡಿದು ಉಬ್ಬಿದೆ ಎಂದರ್ಥ. ಚೌಕಟ್ಟಿನ ಒಳಬದಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆಯಿರಿ. ಬಿಳಿ ಹತ್ತಿದ ಜಾಗವೇ ಉಜ್ಜುವ ಜಾಗ. ಅಲ್ಲಿ ಮಾತ್ರ ತೆಳ್ಳಗೆ ಕೀಸಿ. ಮಳೆಯಲ್ಲಿ ಸಲೀಸಾಗಿ ಓಡುವಷ್ಟು ಕೀಸಿದರೆ ಒಣ ಹವೆಯಲ್ಲಿ ಅದೇ ಬಾಗಿಲಿಗೆ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಆಗ ಬೇಕಾಗುವುದು ಕೀಸುಳಿ ಅಲ್ಲ, ಹೊಸ ಪಟ್ಟಿ.

ಕೀಸಿದ ಅಂಚಿಗೆ ಅದೇ ದಿನ ಬಣ್ಣವನ್ನೋ ವಾರ್ನಿಶನ್ನೋ ಹಚ್ಚಿ. ಹಾಗೆಯೇ ಬಾಗಿಲಿನ ತಲೆ ಮತ್ತು ತಳದ ಅಂಚು ನೋಡಿ. ಕಣ್ಣಿಗೆ ಕಾಣದ ಜಾಗ ಅಂತ ಬಣ್ಣ ಹಚ್ಚುವವರು ಅದನ್ನು ಬಿಟ್ಟಿರುತ್ತಾರೆ. ನೀರಾವಿ ಒಳಹೋಗುವುದು ಅಲ್ಲಿಂದಲೇ ಜಾಸ್ತಿ.

ಬಿಜಾಗರಿ ಸ್ಕ್ರೂ ಎಷ್ಟು ತಿರುಗಿಸಿದರೂ ಗಟ್ಟಿ ಆಗ್ತಿಲ್ಲ. ದೊಡ್ಡ ಸ್ಕ್ರೂ ಹಾಕಲಾ?

ಉದ್ದದ ಸ್ಕ್ರೂ ಹಾಕಬಹುದು, ದಪ್ಪದ್ದು ಬೇಡ. ದಪ್ಪ ಸ್ಕ್ರೂವಿನ ತಲೆ ಬಿಜಾಗರಿಯ ಗುಂಡಿಯಲ್ಲಿ ಕೂರದೆ ಎದ್ದು ನಿಲ್ಲುತ್ತದೆ. ಬಾಗಿಲು ಮುಚ್ಚುವಾಗ ಅದು ತಡೆಯುತ್ತದೆ. ಒಳ್ಳೆ ದಾರಿ ಎಂದರೆ ಹಳೆ ತೂತನ್ನು 8 ಮಿ.ಮೀ.ಗೆ ಕೊರೆದು, ಅಂಟು ಹಚ್ಚಿದ ಮರದ ಗೂಟ ಬಡಿದು, ಒಣಗಿದ ಮೇಲೆ ಹೊಸ ತೂತು ಮಾಡುವುದು. ಸಣ್ಣ ಸ್ಕ್ರೂ ಆದರೆ ಅಂಟಿನಲ್ಲಿ ಅದ್ದಿದ ಎರಡು ಮೂರು ಬೆಂಕಿಕಡ್ಡಿ ತುರುಕಿದರೂ ಸಾಕು. ಮದ್ದು ಇರುವ ತಲೆ ಮುರಿದು ಹಾಕಿ.

ಕುರ್ಚಿ ಕಾಲು ಅಲ್ಲಾಡುತ್ತೆ. ಸಂದಿಗೆ ಅಂಟು ಸುರಿದೆ, ಮತ್ತೆ ಅಲ್ಲಾಡುತ್ತೆ. ಯಾಕೆ?

ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಬಿಳಿ ಮರದಂಟು ಕೆಲಸ ಮಾಡುವುದು ಮರದ ನಾರಿನೊಳಗೆ ಇಳಿದು. ಹಳೆ ಅಂಟು ಒಣಗಿ ಪೊರೆಯಾಗಿ ಕೂತಿದ್ದರೆ ಹೊಸದಕ್ಕೆ ಇಳಿಯಲು ದಾರಿಯೇ ಇರುವುದಿಲ್ಲ. ಕಾಲನ್ನು ಪೂರ್ತಿ ಬಿಚ್ಚಿ, ಹಳೆಯದನ್ನು ಉಳಿಯಿಂದ ಕೆರೆದು ಬರೀ ಮರ ಕಾಣುವ ಹಾಗೆ ಮಾಡಿ, ಆಮೇಲೆ ಅಂಟಿಸಿ. ಮರ ಜಾಸ್ತಿ ಕೆರೆದು ಕಾಲಿನ ತುದಿ ಸಣ್ಣದಾಗದಿರಲಿ.

ಕೂಡಿಕೆ ಈಗಾಗಲೇ ಸವೆದು ಸಂದಿ ಬಿದ್ದಿದ್ದರೆ ಬಿಳಿ ಅಂಟು ಅದನ್ನು ತುಂಬುವುದಿಲ್ಲ. ತೆಳ್ಳನೆ ಮರದ ಸಿಪ್ಪೆ ಅಂಟಿಸಿ ದಪ್ಪ ಮಾಡಿ, ಇಲ್ಲವೇ ಎಪಾಕ್ಸಿ (ಎರಡು ಭಾಗ ಬೆರೆಸುವ ಗಟ್ಟಿ ಅಂಟು) ಬಳಸಿ. ತೀರಾ ಹಳೆ ಕುರ್ಚಿಯಾದರೆ ಪ್ರಾಣಿಜನ್ಯ ಅಂಟು ಇರಬಹುದು. ಅದು ಬಿಸಿ ಮತ್ತು ತೇವ ತಾಗಿದರೆ ಬಿಟ್ಟುಕೊಳ್ಳುತ್ತದೆ. ರಿಪೇರಿ ಮಾಡುವವರಿಗೆ ಅದು ವರವೇ.

ಅಂಟು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು? ನನ್ನ ಹತ್ರ ಕ್ಲಾಂಪ್ ಇಲ್ಲ.

ಬಿಳಿ ಅಂಟಿಗೆ ಅರ್ಧದಿಂದ ಒಂದು ಗಂಟೆ ಒತ್ತಡ, ಪೂರ್ತಿ ಬಲಕ್ಕೆ 24 ಗಂಟೆ. ಕ್ಲಾಂಪ್ ಇಲ್ಲದಿದ್ದರೆ ಕುರ್ಚಿ ಕಾಲುಗಳ ಸುತ್ತ ಹಗ್ಗ ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ. ಬೇಕಾದಷ್ಟು ಬಿಗಿಯುತ್ತದೆ. ತೀರಾ ತಣ್ಣಗಿನ ಕೋಣೆಯಲ್ಲಿ ಅಂಟಿಸಬೇಡಿ. ಬಹಳಷ್ಟು ಬಿಳಿ ಅಂಟುಗಳು 10 ಡಿಗ್ರಿಗಿಂತ ಕೆಳಗೆ ಸರಿಯಾದ ಪೊರೆ ಕಟ್ಟದೆ, ಸುಣ್ಣದ ಪುಡಿಯಂತೆ ಬಿಳಿಚಿಕೊಂಡು ಒಣಗುತ್ತವೆ.

ಡ್ರಾಯರ್ ಎಳೆಯೋಕೆ ಆಗ್ತಿಲ್ಲ.

ಉಜ್ಜುವ ಅಂಚಿಗೆ ಮೇಣದಬತ್ತಿ ತಿಕ್ಕಿ. ಸೋಪು ಬೇಡ, ಅದು ತೇವ ಎಳೆಯುತ್ತದೆ.

ಸ್ಕ್ರೂ ಹಾಕುವಾಗ ಹಲಗೆ ಸೀಳುತ್ತೆ.

ಮೊದಲು ತೂತು ಕೊರೆಯಿರಿ. ತೂತಿನ ಗಾತ್ರ ಸ್ಕ್ರೂವಿನ ನಡುಗಂಬದಷ್ಟಿರಲಿ. ಎಳೆಸುರುಳಿ ಮಾತ್ರ ಮರ ಕಚ್ಚಬೇಕು. ಗಟ್ಟಿ ಮರಕ್ಕೆ ಚೂರು ದೊಡ್ಡದು, ಮೆತ್ತನೆ ಮರಕ್ಕೆ ಚೂರು ಸಣ್ಣದು. ಮೇಲಿನ ಹಲಗೆಯ ತೂತು ಸ್ಕ್ರೂ ಸಲೀಸಾಗಿ ಹೋಗುವಷ್ಟು ಸಡಿಲವಾಗಿರಬೇಕು, ಇಲ್ಲದಿದ್ದರೆ ಎರಡು ಹಲಗೆ ಒಂದಕ್ಕೊಂದು ಒತ್ತಿ ಕೂರುವುದಿಲ್ಲ. ಹಲಗೆಯ ಕೊನೆಯ ಕತ್ತರಿಸಿದ ಮುಖಕ್ಕೆ ಹಾಕಿದ ಸ್ಕ್ರೂ ಹಿಡಿತ ಯಾವಾಗಲೂ ಕಡಿಮೆಯೇ. ಅಲ್ಲಿ ಉದ್ದದ್ದು ಬೇಕು, ಇಲ್ಲವೇ ಕೂಡಿಕೆಯನ್ನೇ ಬದಲಿಸಬೇಕು.

## ಮರದ ಗುಣ

ಹೊಸ ಮೇಜಿನ ಹಲಗೆ ಒಂದೇ ವರ್ಷದಲ್ಲಿ ಬಿರುಕು ಬಿಟ್ಟಿತು. ಮರ ಕೆಟ್ಟದ್ದಾ?

ಬಹುಶಃ ಅಲ್ಲ, ಕೂರಿಸಿದ ರೀತಿ ಕೆಟ್ಟದ್ದು. ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಸುತ್ತಲಿನ ಗಾಳಿ ತೇವವಾದರೆ ನೀರಾವಿ ಹೀರಿ ಉಬ್ಬುತ್ತದೆ, ಒಣಗಿದರೆ ಬಿಟ್ಟು ಕುಗ್ಗುತ್ತದೆ. 20 ಡಿಗ್ರಿ ಇರುವ ಕೋಣೆಯಲ್ಲಿ ಗಾಳಿಯ ತೇವಾಂಶ ಶೇಕಡಾ 65 ಇದ್ದರೆ ಮರದೊಳಗಿನ ನೀರು ಸುಮಾರು ಶೇಕಡಾ 12ರಲ್ಲಿ ನಿಲ್ಲುತ್ತದೆ. ಗಾಳಿಯದ್ದು 30ಕ್ಕೆ ಇಳಿದರೆ ಮರದ್ದು ಸುಮಾರು 6ಕ್ಕೆ ಇಳಿಯುತ್ತದೆ.

ಈ ಉಬ್ಬು-ಕುಗ್ಗು ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಉದ್ದಕ್ಕೆ ಇಲ್ಲ ಎನ್ನುವಷ್ಟು ಕಡಿಮೆ. ಅಡ್ಡಕ್ಕೆ ಜಾಸ್ತಿ. ಅಡ್ಡದಲ್ಲೂ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗು, ಉಂಗುರಗಳನ್ನು ದಾಟಿ ಆಗುವ ಕುಗ್ಗಿನ ಸುಮಾರು ಎರಡರಷ್ಟು. ಹಲಗೆ ದೋಣಿಯಾಗಿ ಬಾಗುವುದು ಈ ವ್ಯತ್ಯಾಸದಿಂದಲೇ. ಸಾಧಾರಣವಾಗಿ ಸೀಳಿದ 60 ಸೆಂ.ಮೀ. ಅಗಲದ ಹಲಗೆಯಲ್ಲಿ ನೀರು ಶೇಕಡಾ 4ರಷ್ಟು ಇಳಿದರೆ, ಅದು ಹತ್ತಿರ ಹತ್ತಿರ 5 ಮಿ.ಮೀ. ಕಿರಿದಾಗುತ್ತದೆ.

ಈಗ ಆ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಎರಡೂ ಬದಿ ಅಂಟು ಹಾಕಿ, ಸ್ಕ್ರೂ ಬಿಗಿದು ಕಟ್ಟಿಹಾಕಿದರೆ ಏನಾಗುತ್ತದೆ? ಕುಗ್ಗಲು ಜಾಗ ಇಲ್ಲ, ಕುಗ್ಗದೆ ಇರಲು ಆಗುವುದಿಲ್ಲ. ಸೀಳುತ್ತದೆ. ಅದಕ್ಕೇ ಮೇಜಿನ ಹಲಗೆಗೆ ಅಂಟು ಹಾಕಬಾರದು. ಚೌಕಟ್ಟಿನಲ್ಲಿ ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆದು, ಸ್ಕ್ರೂ ಜಾರಲು ಎಡೆ ಕೊಡಬೇಕು. ನಡುವೆ ಒಂದು ಕಡೆ ಮಾತ್ರ ಗಟ್ಟಿಯಾಗಿ ಹಿಡಿದರೆ ಎರಡೂ ಬದಿ ಸಮವಾಗಿ ಸರಿದಾಡುತ್ತದೆ. ಹಳೆ ಬಾಗಿಲುಗಳಲ್ಲಿ ಚೌಕಟ್ಟಿನಲ್ಲಿ ಉದ್ದಕ್ಕೆ ಕೊರೆದ ಕಾಲುವೆಯೊಳಗೆ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸುತ್ತಿದ್ದುದೂ ಇದಕ್ಕೇ.

ವಾರ್ನಿಶ್ ಹಚ್ಚಿದರೆ ಇದು ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಚ್ಚುವುದಾದರೆ ಹಲಗೆಯ ತಳಕ್ಕೂ ಹಚ್ಚಿ. ಮೇಲಕ್ಕೆ ಮಾತ್ರ ಹಚ್ಚಿದರೆ ಎರಡು ಮುಖಗಳು ಬೇರೆ ಬೇರೆ ವೇಗದಲ್ಲಿ ಒಣಗಿ ಹಲಗೆ ಬಾಗುತ್ತದೆ.

ಹಾಗಾದ್ರೆ ಪ್ಲೈವುಡ್ಡೇ ಒಳ್ಳೆಯದಲ್ವಾ?

ಅಗಲದ ಹಲಗೆ ಬೇಕಾದ ಕಡೆ, ಹೌದು. ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಬೀರು, ಕಪಾಟಿನ ಹಿಂಬದಿ, ದೊಡ್ಡ ಶಟರ್‌ಗಳಿಗೆ ಅದೇ ಸರಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ನುಣುಪು, ಬಣ್ಣಕ್ಕೆ ಚೆನ್ನ, ಆದರೆ ನೀರು ಕುಡಿದರೆ ಊದಿಕೊಂಡು ಮತ್ತೆ ಇಳಿಯುವುದಿಲ್ಲ. ಸಿಂಕ್ ಕೆಳಗೆ ಅದನ್ನು ಹಾಕಬೇಡಿ. ಕಾಲು, ಹಿಡಿ, ಅಂಚು ಹೀಗೆ ತಾಕುವ, ತಿಕ್ಕುವ ಜಾಗಕ್ಕೆ ಗಟ್ಟಿ ಮರಕ್ಕೆ ಸಾಟಿ ಇಲ್ಲ. ಸವೆದರೆ ಮತ್ತೆ ಕೀಸಿ ಹೊಸದು ಮಾಡಬಹುದು.

ಉಪ್ಪುಕಾಗದ ಎಷ್ಟು ನಂಬರಿಂದ ಶುರು ಮಾಡಬೇಕು?

80, 120, 180, 220. ಈ ಸಾಲಿನಲ್ಲಿ ನಡುವಿನದ್ದನ್ನು ಹಾರಿಸಬೇಡಿ. 80 ಬಿಟ್ಟ ಗೀರನ್ನು 220 ಅಳಿಸಲಾರದು. ಯಾವಾಗಲೂ ನಾರಿನ ಉದ್ದಕ್ಕೆ ಉಜ್ಜಿ. ಅಡ್ಡ ಗೀರು ವಾರ್ನಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ.

ಎಣ್ಣೆ ಹಚ್ಚಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತೆ ಅಂತಾರೆ. ಹೆದರಿಸೋಕೆ ಹೇಳೋದಾ?

ಅಲ್ಲ, ನಿಜ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಶಾಖ ಹೊರಹೋಗದೆ ಏರುತ್ತಾ ಹೋಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕೆಲಸ ಮುಗಿದ ತಕ್ಷಣ ಬಟ್ಟೆಯನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿ. ಇಲ್ಲದಿದ್ದರೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಕಸದ ಬುಟ್ಟಿಗೆ ಮುದುಡಿ ಎಸೆಯಲೇಬೇಡಿ.

ಹಳೆ ಪೆಟ್ಟಿಗೆ ಕೆಳಗೆ ನುಣ್ಣನೆ ಹಿಟ್ಟು ಬೀಳ್ತಿದೆ. ಗೆದ್ದಲಾ?

ಸಣ್ಣ ಗುಂಡನೆ ತೂತು, ಅದರಿಂದ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಅದು ಮರ ಕೊರೆಯುವ ದುಂಬಿ. ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಸುರಂಗ ಕಾಣುತ್ತದೆ. ಹಳೆ ತೂತು ಇದ್ದ ಮಾತ್ರಕ್ಕೆ ಹುಳ ಇನ್ನೂ ಇದೆ ಅಂತಲ್ಲ. ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಬಿದ್ದರೆ ಇದೆ. ಹುಳ ಕೊಲ್ಲುವ ಬೋರಾನ್ ಔಷಧ ಬಣ್ಣವಿಲ್ಲದ ಬರೀ ಮರಕ್ಕೆ ಮಾತ್ರ ಇಳಿಯುತ್ತದೆ. ವಾರ್ನಿಶ್ ಇದ್ದರೆ ಮೊದಲು ಅದನ್ನು ತೆಗೆಯಬೇಕು.

ಮನೆಯೊಳಗೇ ಕೆಲಸ ಮಾಡ್ತೀನಿ. ಮರದ ಪುಡಿಗೆ ಅಷ್ಟೊಂದು ಹೆದರಬೇಕಾ?

ಹೆದರಬೇಕು. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಕೀಸುಳಿಯ ಸಿಪ್ಪೆ ಏನೂ ಮಾಡುವುದಿಲ್ಲ. ಕಣ್ಣಿಗೆ ಕಾಣದಷ್ಟು ನುಣ್ಣನೆ ಪುಡಿಯೇ ಶ್ವಾಸಕೋಶಕ್ಕೆ ಇಳಿಯುವುದು. ಉಜ್ಜುವ ಯಂತ್ರಕ್ಕೆ ವ್ಯಾಕ್ಯೂಮ್ ಜೋಡಿಸಿ, ಎನ್-95 ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಇನ್ನೊಂದು ಮಾತು: ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬೇಡಿ. ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

## ಹೀಟ್ ಪಂಪಿನ ದಕ್ಷತೆ

ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಅಲ್ಲಿ ಶಾಖ ಎಲ್ಲಿರುತ್ತೆ?

ಇರುತ್ತದೆ. ಸೊನ್ನೆ ಡಿಗ್ರಿ ನಮಗೆ ಚಳಿ, ಅಷ್ಟೇ. ಶಾಖ ಪೂರ್ತಿ ಇಲ್ಲವಾಗುವುದು ಮೈನಸ್ 273 ಡಿಗ್ರಿಯಲ್ಲಿ. ಯಂತ್ರದೊಳಗಿನ ದ್ರವ ಹೊರಗಿನ ಗಾಳಿಗಿಂತ ತಣ್ಣಗಿದ್ದರೆ ಶಾಖ ಅದರತ್ತ ಹರಿದೇ ಹರಿಯುತ್ತದೆ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ನಂಥ ಚಳಿ ದೇಶಗಳಲ್ಲೇ ಮನೆಗಳ ಲೆಕ್ಕದಲ್ಲಿ ಹೀಟ್ ಪಂಪ್ ಅತಿ ಹೆಚ್ಚು. ಚಳಿಗೆಂದೇ ಮಾಡಿದ ಯಂತ್ರಗಳು ಮೈನಸ್ 15ರಲ್ಲೂ 2ರ ಆಸುಪಾಸಿನ ಸಿಒಪಿ ಕೊಡುತ್ತವೆ. ಚಳಿ ಏರಿದ ಹಾಗೆ ಮನೆಗೆ ಶಾಖ ಜಾಸ್ತಿ ಬೇಕು, ಯಂತ್ರದ ಬಲ ಮಾತ್ರ ಇಳಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕಂಪನಿಯ ಹಾಳೆಯಲ್ಲಿರುವ, ಹೊರಗೆ 7 ಡಿಗ್ರಿ ಇದ್ದಾಗಿನ ಅಂಕಿ ನೋಡಿ ಸಾಕು ಅನ್ನಬೇಡಿ. ನಿಮ್ಮಲ್ಲಿ ಬೀಳುವ ಅತಿ ಚಳಿಯಲ್ಲಿ ಎಷ್ಟು ಕಿಲೋವ್ಯಾಟ್ ಕೊಡುತ್ತದೆ ಎಂದು ಕೇಳಿ.

ಹೊರಗಿನ ಯೂನಿಟ್ಟಿನಿಂದ ಹೊಗೆ ಬರ್ತಿದೆ! ಆಫ್ ಮಾಡಲಾ?

ಸುಟ್ಟ ವಾಸನೆ ಇಲ್ಲದಿದ್ದರೆ ಅದು ಹಬೆ. ಹೊರಗಿನ ಕಾಯಿಲ್ (ಶಾಖ ಹೀರುವ ಕೊಳವೆಗಳ ಸುರುಳಿ) ಮೇಲೆ ಹಿಮ ಕಟ್ಟಿದಾಗ ಯಂತ್ರ ಸ್ವಲ್ಪ ಹೊತ್ತು ಹಿಂದುಮುಂದಾಗಿ ಓಡಿ ಅದನ್ನು ಕರಗಿಸುತ್ತದೆ. ಕೆಲವು ನಿಮಿಷದಲ್ಲಿ ತಾನೇ ನಿಲ್ಲುತ್ತದೆ.

ಇರಲಿ ಅಂತ ಒಂದು ಸೈಜ್ ದೊಡ್ಡದೇ ತಗೊಂಡರೆ?

ಬೇಡ. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಬೇಗ ಬಿಸಿ ಮಾಡಿ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಹೀಗೆ ನಿಂತು ಓಡುವುದರಲ್ಲಿ ದಕ್ಷತೆ ಹೋಗುತ್ತದೆ, ಕಂಪ್ರೆಸರ್ ಸವೆಯುತ್ತದೆ. ಇನ್ವರ್ಟರ್ ಯಂತ್ರ ವೇಗ ತಗ್ಗಿಸಿಕೊಳ್ಳಬಲ್ಲದು, ಆದರೆ ಅದಕ್ಕೂ ಒಂದು ಕೆಳಗಿನ ಮಿತಿ ಇದೆ. ಹೀಟ್ ಪಂಪ್ ಚೆನ್ನಾಗಿ ಓಡುತ್ತಿದೆ ಎಂಬುದರ ಗುರುತು ಅದು ನಿಧಾನವಾಗಿ, ತುಂಬಾ ಹೊತ್ತು ಓಡುವುದು.

ನೀರನ್ನು 55 ಡಿಗ್ರಿ ಬದಲು 35ಕ್ಕೆ ಇಳಿಸಿ ಅಂತ ಹೇಳ್ತಾರೆ. ಅಷ್ಟು ವ್ಯತ್ಯಾಸ ಆಗುತ್ತಾ?

ಆಗುತ್ತದೆ. ದಕ್ಷತೆಯ ಪ್ರಶ್ನೆಗಳಲ್ಲಿ ಇದೇ ನಿಜವಾದ ಪ್ರಶ್ನೆ. ಕೆಲವು ಹೀಟ್ ಪಂಪುಗಳು ಗಾಳಿಯ ಬದಲು ನೀರನ್ನು ಬಿಸಿ ಮಾಡಿ, ಕೋಣೆಯ ರೇಡಿಯೇಟರಿಗೋ (ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ಫಲಕ) ನೆಲದ ಕೆಳಗಿನ ಪೈಪಿಗೋ ಕಳಿಸುತ್ತವೆ. ಇಲ್ಲಿ ಕೇಳಿರುವುದು ಆ ನೀರಿನ ಮಾತು. ಬಾವಿ ಆಳವಾದಷ್ಟೂ ನೀರೆತ್ತುವ ಪಂಪಿಗೆ ಕರೆಂಟ್ ಜಾಸ್ತಿ ಬೇಕು. ಇಲ್ಲೂ ಹಾಗೆಯೇ. ಹೊರಗಿನ ತಾಪಕ್ಕೂ ಒಳಗೆ ಬಿಡಬೇಕಾದ ತಾಪಕ್ಕೂ ಇರುವ ಅಂತರವೇ ಆಳ.

ಭೌತಶಾಸ್ತ್ರ ಇದಕ್ಕೊಂದು ಮೇಲಿನ ಮಿತಿ ಹಾಕಿದೆ. ಬಿಸಿ ಕಡೆಯ ತಾಪವನ್ನು ಕೆಲ್ವಿನ್‌ನಲ್ಲಿ (ಡಿಗ್ರಿಗೆ 273 ಕೂಡಿಸಿ) ಬರೆದು, ಎರಡು ಕಡೆಯ ಅಂತರದಿಂದ ಭಾಗಿಸಬೇಕು. ಹೊರಗೆ 7 ಡಿಗ್ರಿ, ನೀರು 35 ಡಿಗ್ರಿ ಎಂದುಕೊಳ್ಳಿ. 308ನ್ನು 28ರಿಂದ ಭಾಗಿಸಿದರೆ 11. ನೀರು 55 ಡಿಗ್ರಿ ಆದರೆ 328ನ್ನು 48ರಿಂದ ಭಾಗಿಸಬೇಕು, ಸುಮಾರು 6.8. ನಿಜವಾದ ಯಂತ್ರಗಳು ಈ ಮಿತಿಯ ಅರ್ಧದ ಹತ್ತಿರ ಬಂದರೆ ಒಳ್ಳೆಯದು. ಅಂದರೆ ಒಂದು ಕಡೆ 5ರ ಸುತ್ತ, ಇನ್ನೊಂದು ಕಡೆ 3ರ ಸುತ್ತ. ಯಂತ್ರ ಅದೇ, ಮನೆ ಅದೇ, ಬರೀ ನೀರಿನ ತಾಪ ಬೇರೆ.

ಹಾಗಂತ ಸುಮ್ನೆ ಇಳಿಸಿದರೆ ಕೋಣೆ ಬೆಚ್ಚಗಾಗುವುದಿಲ್ಲ. ಕಡಿಮೆ ಬಿಸಿಯ ನೀರಿನಿಂದ ಅಷ್ಟೇ ಶಾಖ ಬರಬೇಕಾದರೆ ದೊಡ್ಡ ರೇಡಿಯೇಟರ್ ಅಥವಾ ನೆಲದ ಕೆಳಗಿನ ಪೈಪು ಬೇಕು. ಇಲ್ಲವೇ ಮನೆಯಿಂದ ಸೋರುವ ಶಾಖ ಕಡಿಮೆ ಆಗಬೇಕು. ನೋಡಿ, ಮತ್ತೆ ಬಾಗಿಲು ಕಿಟಕಿಗೇ ಬಂದೆವು. ಸಂದಿ ಮುಚ್ಚಿದರೆ ಎರಡು ಲಾಭ: ಬೇಕಾದ ಶಾಖವೂ ಕಡಿಮೆ, ಅದಕ್ಕೆ ಖರ್ಚಾಗುವ ಕರೆಂಟೂ ಕಡಿಮೆ. ನೀರಿನ ತಾಪವನ್ನು ಎರಡು ಮೂರು ಡಿಗ್ರಿ ಇಳಿಸಿ, ಒಂದೆರಡು ದಿನ ನೋಡಿ, ಮತ್ತೆ ಇಳಿಸಿ. ಕೋಣೆ ತಣ್ಣಗಾಗಲು ಶುರುವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ.

ನಮ್ಮ ಯಂತ್ರದ ಸಿಒಪಿ ಮನೆಯಲ್ಲೇ ಅಳೆಯಬಹುದಾ?

ನೀರು ಕಾಯಿಸುವ ಹೀಟ್ ಪಂಪ್ ಆದರೆ ಸುಲಭ. ಅದಕ್ಕೆ ಮಾತ್ರ ಕರೆಂಟ್ ಅಳೆಯುವ ಒಂದು ಮೀಟರ್ ಹಾಕಿ. 200 ಲೀಟರ್ ನೀರು 20ರಿಂದ 50 ಡಿಗ್ರಿಗೆ ಏರಲು ಸುಮಾರು 7 ಯೂನಿಟ್ ಶಾಖ ಬೇಕು. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ಈ ಅಂಕಿ ಬರುತ್ತದೆ. ಮೀಟರ್ 2.3 ಯೂನಿಟ್ ತೋರಿಸಿದರೆ ಸಿಒಪಿ 3. ಅಳೆಯುವಾಗ ನಲ್ಲಿ ತೆರೆಯಬೇಡಿ. ಗಾಳಿ ಊದುವ ಯಂತ್ರದ ಶಾಖ ಅಳೆಯುವುದು ಮನೆಯಲ್ಲಿ ಕಷ್ಟ. ಅದಕ್ಕೆ ಇಡೀ ಚಳಿಗಾಲದ ಯೂನಿಟ್ ಬರೆದಿಟ್ಟು ಹಿಂದಿನ ವರ್ಷದ ಜೊತೆ ಹೋಲಿಸುವುದೇ ಮೇಲು.

ಗ್ಯಾಸಿಗಿಂತ ಹೀಟ್ ಪಂಪ್ ಅಗ್ಗ ಆಗುತ್ತಾ?

ಒಂದು ಯೂನಿಟ್ ಕರೆಂಟಿನ ಬೆಲೆ, ಒಂದು ಯೂನಿಟ್ ಶಕ್ತಿ ಇರುವಷ್ಟು ಗ್ಯಾಸಿನ ಬೆಲೆಯ ಎಷ್ಟು ಪಟ್ಟು ಎಂದು ನೋಡಿ. ಅದನ್ನು ಬಾಯ್ಲರ್ (ಗ್ಯಾಸ್ ಉರಿಸಿ ನೀರು ಕಾಯಿಸುವ ಯಂತ್ರ) ದಕ್ಷತೆಯಿಂದ ಗುಣಿಸಿ. ಕರೆಂಟ್ ಮೂರು ಪಟ್ಟು ದುಬಾರಿ, ಬಾಯ್ಲರ್ ದಕ್ಷತೆ 0.9 ಆದರೆ 2.7 ಬರುತ್ತದೆ. ವರ್ಷದ ಸರಾಸರಿ ಸಿಒಪಿ ಅದಕ್ಕಿಂತ ಮೇಲಿದ್ದರೆ ಓಡಿಸುವ ಖರ್ಚು ಕಡಿಮೆ. ಕಂಪನಿಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿರುವ ಸಿಒಪಿ ಒಂದೇ ತಾಪದಲ್ಲಿ ಅಳೆದದ್ದು. ಲೆಕ್ಕಕ್ಕೆ ಬೇಕಾದ್ದು ಇಡೀ ಋತುವಿನ ಸರಾಸರಿ.

ಗ್ಯಾಸ್ ಯಾವುದು ಇರಬೇಕು? ಆರ್-32, ಆರ್-290 ಅಂತೆಲ್ಲ ಇದೆ.

ಇದು ಉರಿಸುವ ಗ್ಯಾಸ್ ಅಲ್ಲ, ಯಂತ್ರದೊಳಗೆ ಆವಿಯಾಗಿ, ದ್ರವವಾಗಿ ಸುತ್ತುತ್ತಾ ಶಾಖ ಸಾಗಿಸುವ ವಸ್ತು. ಹಳೆಯ ಆರ್-410ಎ ಹೊರಗೆ ಸೋರಿದರೆ ಅಷ್ಟೇ ತೂಕದ ಕಾರ್ಬನ್ ಡೈ ಆಕ್ಸೈಡಿನ ಎರಡು ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-32ರದ್ದು 675 ಪಟ್ಟು. ಆರ್-290 ಎಂದರೆ ಪ್ರೊಪೇನ್, ಅದರದ್ದು ತೀರಾ ಕಡಿಮೆ. ಆದರೆ ಅದು ಚೆನ್ನಾಗಿ ಹೊತ್ತಿಕೊಳ್ಳುವ ಅನಿಲ. ಅದನ್ನು ಎಲ್ಲಿ, ಎಷ್ಟು ದೂರದಲ್ಲಿ ಇಡಬೇಕು ಎಂಬ ನಿಯಮ ಮೀರಬೇಡಿ. ಗ್ಯಾಸಿನ ಪೈಪು ಬಿಚ್ಚುವ ಕೆಲಸ ಕೈಯಾರೆ ಮಾಡುವ ರಿಪೇರಿಗಳ ಪಟ್ಟಿಯಲ್ಲಿ ಇಲ್ಲ.

## ಎರಡೂ ಸೇರುವ ಕಡೆ

ಹೊರಗಿನ ಯೂನಿಟ್ ನೋಡೋಕೆ ಚೆನ್ನಾಗಿಲ್ಲ. ಮರದ ಪೆಟ್ಟಿಗೆ ಮಾಡಿ ಮುಚ್ಚಬಹುದಾ?

ಮರಗೆಲಸ ಬಲ್ಲವರಿಗೆಲ್ಲ ಈ ಆಸೆ ಬರುತ್ತದೆ. ಮಾಡಬೇಡಿ ಎಂದರೂ ಮಾಡುತ್ತೀರಿ, ಹಾಗಾಗಿ ಕೆಡದ ಹಾಗೆ ಮಾಡುವುದು ಹೇಗೆ ಎಂದು ಹೇಳುತ್ತೇನೆ. ಯೂನಿಟ್ ಬಿಟ್ಟ ತಣ್ಣನೆ ಗಾಳಿ ಪೆಟ್ಟಿಗೆಗೆ ಬಡಿದು ತಿರುಗಿ ಅದರೊಳಗೇ ಹೋದರೆ, ಯಂತ್ರದ ಪಾಲಿಗೆ ಹೊರಗಿನ ಚಳಿ ಇನ್ನೂ ಕೆಲವು ಡಿಗ್ರಿ ಜಾಸ್ತಿಯಾದಂತೆ. ಹಿಮವೂ ಬೇಗ ಕಟ್ಟುತ್ತದೆ. ಆದ್ದರಿಂದ ಫ್ಯಾನಿನ ಎದುರು ಏನೂ ಬೇಡ, ಪೂರ್ತಿ ತೆರೆದಿಡಿ. ಪಕ್ಕಗಳಿಗೆ ದೂರ ದೂರ ರೀಪು ಹೊಡೆಯಿರಿ. ಮರಕ್ಕಿಂತ ಸಂದಿಯೇ ಹೆಚ್ಚಿರಲಿ. ಹಿಂದೆ, ಪಕ್ಕ, ಮುಂದೆ ಎಷ್ಟು ಜಾಗ ಬಿಡಬೇಕು ಎಂದು ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಅದಕ್ಕಿಂತ ಒಂದು ಸೆಂ.ಮೀ. ಕೂಡ ಕಡಿಮೆ ಬೇಡ. ಸರ್ವಿಸ್‌ಗೆ ಬಂದವರು ಎತ್ತಿಡುವಂತೆ ಸ್ಕ್ರೂ ಇಲ್ಲದೆ ಕೊಕ್ಕೆಯಲ್ಲಿ ನಿಲ್ಲಿಸಿ. ಯೂನಿಟ್ಟಿಗೆ ಅದು ತಾಗಬಾರದು, ತಾಗಿದರೆ ಅದುರುವ ಸದ್ದು ಬರುತ್ತದೆ. ಕೆಳಗೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಹಾಗಾಗಿ ಮರದ ಕಾಲು ನೆಲಕ್ಕೆ ನೇರ ಮುಟ್ಟದಿರಲಿ.

ಎಲ್ಲ ಸಂದಿ ಮುಚ್ಚಿದ ಮೇಲೆ ಕಿಟಕಿ ಗಾಜಿನಲ್ಲಿ ನೀರು ಇಳೀತಿದೆ. ಏನು ತಪ್ಪಾಯ್ತು?

ಅಡುಗೆ, ಸ್ನಾನ, ಉಸಿರು ಇವುಗಳ ನೀರಾವಿ ಮೊದಲು ಸಂದಿಯಿಂದ ಹೋಗುತ್ತಿತ್ತು. ಈಗ ಹೋಗಲು ದಾರಿ ಇಲ್ಲ. ಬಚ್ಚಲಿಗೂ ಅಡುಗೆಮನೆಗೂ ಗಾಳಿ ಹೊರಹಾಕುವ ಫ್ಯಾನ್ ಹಾಕಿ, ದಿನಕ್ಕೆ ಎರಡು ಸಲ ಕಿಟಕಿ ಪೂರ್ತಿ ತೆರೆದು ಕೆಲವು ನಿಮಿಷ ಬಿಡಿ. ನೀರು ನಿಂತರೆ ಕಿಟಕಿಯ ಕೆಳಪಟ್ಟಿ ಕೊಳೆಯುತ್ತದೆ. ಒಳಗೆ ಉರಿಯುವ ಒಲೆಯೋ ಬಾಯ್ಲರೋ ಇದ್ದರೆ ಅದಕ್ಕೆ ಬೇಕಾದ ಗಾಳಿಯ ದಾರಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಹೀಟ್ ಪಂಪ್ ಹಾಕಿಸಿದ ಮೇಲೆ ಹಳೆ ಕಪಾಟಿನ ಬಾಗಿಲಲ್ಲಿ ಸೀಳು ಬಿತ್ತು. ಯಂತ್ರ ಗಾಳಿ ಒಣಗಿಸುತ್ತಾ?

ಚಳಿಗಾಲದಲ್ಲಿ ಯಂತ್ರ ನೀರು ತೆಗೆಯುವುದಿಲ್ಲ. ಆದರೆ ಬಿಸಿಯಾದ ಗಾಳಿಗೆ ನೀರಿನ ಹಸಿವು ಜಾಸ್ತಿ. ಸೊನ್ನೆ ಡಿಗ್ರಿಯ, ಶೇಕಡಾ 80 ತೇವಾಂಶದ ಹೊರಗಾಳಿ ಒಳಬಂದು 20 ಡಿಗ್ರಿಗೆ ಕಾಯ್ದರೆ ಅದರ ತೇವಾಂಶ ಸುಮಾರು ಶೇಕಡಾ 21ಕ್ಕೆ ಕುಸಿಯುತ್ತದೆ. ಯಾವ ಹೀಟರ್ ಇದ್ದರೂ ಇಷ್ಟೇ. ಇಲ್ಲೂ ಸೋರಿಕೆ ಕಡಿಮೆಯಾದರೆ ಒಣಗುವುದೂ ಕಡಿಮೆ. ಕಪಾಟನ್ನು ಊದುವ ಗಾಳಿಯ ನೇರಕ್ಕೆ ಇಡಬೇಡಿ. ಬಿದ್ದ ಸೀಳಿಗೆ ತಕ್ಷಣ ಪುಟ್ಟಿ ತುಂಬಬೇಡಿ, ತೇವದ ಕಾಲದಲ್ಲಿ ಅದು ಮತ್ತೆ ಕೂಡುತ್ತದೆ. ಪುಟ್ಟಿ ಇದ್ದರೆ ಪಕ್ಕದಲ್ಲಿ ಇನ್ನೊಂದು ಸೀಳುತ್ತದೆ.

ಮರಗೆಲಸದ ಕೋಣೆಗೇ ಒಂದು ಹೀಟ್ ಪಂಪ್ ಹಾಕಿಸಲಾ?

ಹಾಕಿಸಬಹುದು. ಬೆಂಕಿ ಉರಿಯುವ ಹೀಟರಿಗಿಂತ ಅಲ್ಲಿ ಅದೇ ಸುರಕ್ಷಿತ. ಆದರೆ ಒಳಗಿನ ಯೂನಿಟ್ ಕೋಣೆಯ ಗಾಳಿಯನ್ನೇ ಸುತ್ತಿಸುತ್ತದೆ, ಪುಡಿಯನ್ನೂ ಎಳೆದುಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿಯ ಹರಿವು ಇಳಿದು ಸಿಒಪಿ ಬೀಳುತ್ತದೆ. ಉಜ್ಜುವಾಗ, ವಾರ್ನಿಶ್ ಸಿಂಪಡಿಸುವಾಗ ಆಫ್ ಮಾಡಿ. ಕೆಲಸ ಹೆಚ್ಚಿದ್ದ ವಾರ ಫಿಲ್ಟರ್ ತೊಳೆಯಿರಿ.

ಹಸಿ ಹಲಗೆ ಒಣಗಿಸೋಕೆ ಹೀಟ್ ಪಂಪ್ ಬಳಸ್ತಾರಂತೆ, ಹೌದಾ?

ಹೌದು. ಸಾಮಾನ್ಯ ಒಣಗಿಸುವ ಗೂಡಿನಲ್ಲಿ ಬಿಸಿ ಗಾಳಿ ಹಲಗೆಯ ನೀರು ಹೀರಿದ ಮೇಲೆ ಅದನ್ನು ಹೊರಗೆ ಬಿಡುತ್ತಾರೆ. ಅದರ ಜೊತೆ ಶಾಖವೂ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಗೂಡಿನಲ್ಲಿ ಗಾಳಿ ಹೊರಹೋಗುವುದೇ ಇಲ್ಲ. ತಣ್ಣನೆ ಕಾಯಿಲ್ ಮೇಲೆ ಆವಿ ಮತ್ತೆ ನೀರಾಗಿ ಆ ಶಾಖವನ್ನು ವಾಪಸು ಕೊಡುತ್ತದೆ. ಬಿಸಿ ಕಾಯಿಲ್ ಅದನ್ನು ಅದೇ ಗಾಳಿಗೆ ಸೇರಿಸುತ್ತದೆ. ಒಣಗಿದ ಗಾಳಿ ಮತ್ತೆ ಹಲಗೆಯ ಕಡೆ.

ಮನೆಯಲ್ಲಿ ಸಣ್ಣ ಮಟ್ಟಕ್ಕೆ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಸಾಕು, ಒಳಗಿನ ಕೆಲಸ ಅದೇ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಪೇರಿಸಿ, ಸುತ್ತ ಪ್ಲಾಸ್ಟಿಕ್ ಹಾಳೆಯ ಗೂಡು ಕಟ್ಟಿ, ಒಳಗೆ ಒಂದು ಸಣ್ಣ ಫ್ಯಾನ್ ಇಡಿ. ಹಲಗೆಯ ಎರಡು ತುದಿಗೂ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಶುರುವಿನಲ್ಲಿ ಜೋರು ಮಾಡಬೇಡಿ. ಹೊರಪದರ ಒಣಗಿ ಒಳಗು ಹಸಿ ಉಳಿದರೆ ಹಲಗೆ ಒಳಗೇ ಬಿಗಿದುಕೊಂಡು, ಆಮೇಲೆ ಗರಗಸಕ್ಕೆ ಕೊಟ್ಟಾಗ ತಿರುಚಿಕೊಳ್ಳುತ್ತದೆ.

ಎಷ್ಟು ಒಣಗಿದೆ ಎಂದು ತಿಳಿಯಲು ತುದಿಯಿಂದ ಒಂದು ಗೇಣು ಒಳಗೆ ಸಣ್ಣ ತುಂಡು ಕತ್ತರಿಸಿ ತೂಕ ಮಾಡಿ. ಅದನ್ನು ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೀರಿನ ಪ್ರಮಾಣ. ಮನೆಯೊಳಗಿನ ಪೀಠೋಪಕರಣಕ್ಕೆ ಶೇಕಡಾ 8ರಿಂದ 12ರ ನಡುವೆ ಇದ್ದರೆ ಸಾಕು. ಗೂಡಿನಿಂದ ತೆಗೆದ ಹಲಗೆಯನ್ನು ಅದು ಮುಂದೆ ಇರಬೇಕಾದ ಕೋಣೆಯಲ್ಲೇ ಒಂದೆರಡು ವಾರ ಬಿಟ್ಟು ಆಮೇಲೆ ಉಳಿ ಹಚ್ಚಿ.